ಡಬ್ಬಾ ಮನೆ

ಊರಿಗೆ ಬಂದಾಗಲೆಲ್ಲ ನೆಂಟರಿಷ್ಟರು ನಮ್ಮ ಮೊಬೈಲಿನಲ್ಲಿರುವ ಒಂದು ಫೋಟೋ ನೋಡಿ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ನಿಮಗೆ ಮನೆ ಇರಲಿಲ್ಲವಾ?" ಫೋಟೋದಲ್ಲಿ ನಮ್ಮ ಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬಿಳಿಯ ಉದ್ದನೆಯ ಡಬ್ಬ ನಿಂತಿದೆ. ಅದಕ್ಕೊಂದು ಬಾಗಿಲು, ಪರದೆ ಹಾಕಿದ ಕಿಟಕಿ, ಅಡಿಯಲ್ಲಿ ನಾಲ್ಕು ಚಕ್ರ. ಎಂಜಿನ್ ಇಲ್ಲ. ಬಾಗಿಲ ಮೆಟ್ಟಿಲ ಮೇಲೆ ಒಂದು ಟಿಫಿನ್ ಕ್ಯಾರಿಯರ್ ಇದೆ. ಸ್ವಲ್ಪ ದೂರದಲ್ಲಿ ನಮ್ಮ ಅತ್ತೆಯವರು ಶಾಲು ಹೊದ್ದು ನಿಂತಿದ್ದಾರೆ. ಆ ಡಬ್ಬಕ್ಕೆ ಅಮೆರಿಕದವರು ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಅತ್ತೆಯವರಿಟ್ಟ ಹೆಸರೇ ಉಳಿದಿದೆ, ಡಬ್ಬಾ.

ಮೊದಲೇ ಒಂದು ಮಾತು. ಈ ಬರಹದಲ್ಲಿ ನಾವು ಎಂದರೆ ನಾವು ಗಂಡ ಹೆಂಡತಿ ಇಬ್ಬರೂ ಹೌದು, ಬರೆಯುತ್ತಿರುವ ಒಬ್ಬಳೂ ಹೌದು. ಉರ್ದು ಶಾಲೆಯಲ್ಲಿ ‘ಹಮ್’ ಎಂದು ಕಲಿತ ಬಾಯಿಗೆ ಕನ್ನಡದ ‘ನಾನು’ ಸ್ವಲ್ಪ ಒಂಟಿ ಎನಿಸುತ್ತದೆ.

ನಾವಿರುವುದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ. ಇವರು ಆಸ್ಪತ್ರೆಯೊಂದರಲ್ಲಿ ಉಸಿರಾಟದ ಚಿಕಿತ್ಸಕರು. ವೆಂಟಿಲೇಟರ್, ಆಮ್ಲಜನಕ, ನೆಬ್ಯುಲೈಸರ್‌ಗಳ ಕೆಲಸ. ಹನ್ನೆರಡು ತಾಸಿನ ಪಾಳಿಯಾದ್ದರಿಂದ ವಾರದಲ್ಲಿ ಮೂರು ದಿನ ದುಡಿದರೆ ನಾಲ್ಕು ದಿನ ಬಿಡುವು. ಬಿಡುವು ಇದ್ದರೂ ಎಲ್ಲಿಗಾದರೂ ಹೋಗುವುದೆಂದರೆ ಲೆಕ್ಕ ಹಾಕಬೇಕು. ಹೋಟೆಲಿನ ಕೋಣೆಗೆ ದುಡ್ಡು, ಹೊರಗಿನ ಊಟದಲ್ಲಿ ಹಲಾಲ್ ಯಾವುದು, ಹಂದಿಕೊಬ್ಬು ಯಾವುದರಲ್ಲಿ ಎಂಬ ವಿಚಾರಣೆ, ಮೂರನೆಯ ದಿನಕ್ಕೆ ಅನ್ನ ಸಾರು ಬೇಕೆಂದು ಮಕ್ಕಳ ರಗಳೆ. ಆಸ್ಪತ್ರೆಯ ಸಹೋದ್ಯೋಗಿಯೊಬ್ಬರು ತಮ್ಮ ಟ್ರೈಲರ್ ತೋರಿಸಿದ ದಿನ ಅದರೊಳಗಿನ ಗ್ಯಾಸ್ ಒಲೆ ಕಂಡು ನಮಗೆ ಆಸೆ ಹುಟ್ಟಿತು. ಅಡುಗೆಮನೆಯನ್ನು ಜೊತೆಗೇ ಎಳೆದುಕೊಂಡು ಹೋಗಬಹುದು ಎಂಬ ಸಂಗತಿ ನಮಗೆ ಅಮೆರಿಕದ ಬೇರೆಲ್ಲ ವೈಭವಗಳಿಗಿಂತ ದೊಡ್ಡದಾಗಿ ಕಂಡಿತು.

ಹೊಸದರ ಬೆಲೆ ಕೇಳಿ ಸುಮ್ಮನಾದೆವು. ಆದರೆ ನಾವಿದ್ದ ಜಾಗ ಒಳ್ಳೆಯದು. ಅಮೆರಿಕದಲ್ಲಿ ತಯಾರಾಗುವ ಇಂತಹ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತ. ನಮ್ಮಲ್ಲಿಂದ ಸುಮಾರು ಒಂದೂವರೆ ತಾಸಿನ ದಾರಿ. ಚನ್ನಪಟ್ಟಣಕ್ಕೆ ಗೊಂಬೆ ಇದ್ದಂತೆ ಎಲ್ಕಾರ್ಟ್‌ಗೆ ಟ್ರೈಲರ್. ಜನರ ಕೈಯಲ್ಲಿ ಹಣ ಆಡಿದರೆ ಆ ಊರು ಉಣ್ಣುತ್ತದೆ, ಇಲ್ಲದಿದ್ದರೆ ಇಲ್ಲ. 2008ರ ಆರ್ಥಿಕ ಕುಸಿತದಲ್ಲಿ ಅಲ್ಲಿ ನಿರುದ್ಯೋಗ ಶೇ. 15 ದಾಟಿತ್ತು. 2009ರ ಫೆಬ್ರವರಿಯಲ್ಲಿ, ಅಧಿಕಾರಕ್ಕೆ ಬಂದ ಮೂರು ವಾರದೊಳಗೆ, ಅಧ್ಯಕ್ಷ ಒಬಾಮಾ ಆ ಊರಿಗೇ ಹೋಗಿ ಭಾಷಣ ಮಾಡಿದ್ದರು. ನಮಗೆ ಗಾಡಿ ಮಾರಿದ ಅಜ್ಜ ಆಗ ಕೆಲಸ ಕಳೆದುಕೊಂಡವರಲ್ಲಿ ಒಬ್ಬರು. ಇಪ್ಪತ್ತು ವರ್ಷ ಟ್ರೈಲರ್ ಕಾರ್ಖಾನೆಯಲ್ಲಿ ಛಾವಣಿ ಕೂರಿಸುವ ಕೆಲಸ ಮಾಡಿದವರು.

2019ರ ಏಪ್ರಿಲ್‌ನಲ್ಲಿ ನಾವು ಅವರ ಅಂಗಳಕ್ಕೆ ಹೋದೆವು. ತಲೆವಸ್ತ್ರದ ನಾವು, ಗಡ್ಡದ ಇವರು, ಜೇಬಿನಲ್ಲಿ ನಗದು. ದಾರಿಯುದ್ದಕ್ಕೂ ಹೊಲಗಳ ನಡುವಿನ ಮನೆಗಳಲ್ಲಿ ಧ್ವಜಗಳು. ಸ್ವಲ್ಪ ಅಳುಕಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೇಳಿದ್ದು, "ಎಳೆಯುವ ಗಾಡಿ ಯಾವುದು?" ನಾವು ನಮ್ಮ ಟೊಯೋಟಾ ವ್ಯಾನ್ ತೋರಿಸಿದೆವು. ಅವರು ನಕ್ಕುಬಿಟ್ಟರು. ಆ ವ್ಯಾನ್ ಎಳೆಯಬಲ್ಲದ್ದು 3,500 ಪೌಂಡ್. ಟ್ರೈಲರ್ ಖಾಲಿಯಿದ್ದಾಗಲೇ 4,100 ಪೌಂಡ್, ಅಂದರೆ ಹದಿನೆಂಟೂವರೆ ಕ್ವಿಂಟಲಿಗಿಂತ ಹೆಚ್ಚು. ಖಾಲಿ ತೂಕ ಎಂದು ಕಾಗದದಲ್ಲಿ ಬರೆಯುವುದು ನೀರಿಲ್ಲದೆ, ಸಾಮಾನಿಲ್ಲದೆ. ನಲವತ್ತು ಗ್ಯಾಲನ್ ಟ್ಯಾಂಕಿಗೆ ನೀರು ತುಂಬಿದರೆ ಅದೊಂದೇ 330 ಪೌಂಡ್ ಮೇಲೆ. "ವ್ಯಾನ್ ಎಳೆಯುತ್ತದೆ, ಆದರೆ ನಿಲ್ಲುವುದಿಲ್ಲ" ಎಂದರು ಅಜ್ಜ. ಹೀಗೆ ಡಬ್ಬ ಕೊಳ್ಳಲು ಹೋದವರು ಮೊದಲು ವ್ಯಾನ್ ಮಾರಿ ಹಳೆಯ ಫೋರ್ಡ್ ಪಿಕಪ್ ಕೊಳ್ಳಬೇಕಾಯಿತು. ಎಮ್ಮೆ ಕೊಳ್ಳಲು ಹೋಗಿ ಮೊದಲು ಕೊಟ್ಟಿಗೆ ಕಟ್ಟಿಸಿದ ಹಾಗೆ.

ಹಳೆಯ ಟ್ರೈಲರ್ ನೋಡುವ ವಿದ್ಯೆ ಕಲಿಸಿದವರೂ ಆ ಅಜ್ಜನೇ, ಮಾರುವವರು ಕೊಳ್ಳುವವರಿಗೆ ಕಲಿಸುವುದು ವಿಚಿತ್ರವಾದರೂ. ಈ ಗಾಡಿಗಳ ಶತ್ರು ಎಂಜಿನ್ ಅಲ್ಲ, ರಸ್ತೆಯಲ್ಲ, ನೀರು. ನಮ್ಮದರಂಥವುಗಳಲ್ಲಿ ಗೋಡೆಯ ಚೌಕಟ್ಟು ತೆಳ್ಳಗಿನ ಮರದ ಪಟ್ಟಿಗಳದ್ದು, ಹೊರಗೆ ಹಾಳೆಯಂಥ ಹೊದಿಕೆ, ಮೇಲೆ ರಬ್ಬರ್ ಛಾವಣಿ. ಛಾವಣಿಯ ಅಂಚಿನಲ್ಲಿ, ಗಾಳಿಗಿಂಡಿಯ ಸುತ್ತ, ಮೇಲಿನ ಸಣ್ಣ ದೀಪಗಳ ಹಿಂದೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗಿಳಿದು ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಕಣ್ಣಿಗಿಂತ ಅಂಗೈಯನ್ನು, ಅಂಗಾಲನ್ನು ನಂಬಬೇಕು. ಚಪ್ಪಲಿ ಬಿಟ್ಟು ನಡೆಯಬೇಕು, ನೆಲ ಎಲ್ಲಾದರೂ ಮೆತ್ತಗೆ ಒತ್ತಿಕೊಂಡರೆ ಅಲ್ಲಿಂದಲೇ ಸಲಾಂ ಹೇಳಿ ಹೊರಡಬೇಕು. ಮೂಲೆಗಳಲ್ಲಿ ಗೋಡೆಯನ್ನು ಒತ್ತಬೇಕು. ಕಪಾಟಿನ ಒಳಗೆ ಮೂಗಿಟ್ಟು ಮುಗ್ಗಲು ವಾಸನೆ ನೋಡಬೇಕು. ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಬೇಕು.

ನಮ್ಮದು 2007ರ ಗಾಡಿ. ಆ ಕಾಲದ ಗಾಡಿಗಳ ಬಗ್ಗೆ ಇನ್ನೊಂದು ಎಚ್ಚರಿಕೆಯೂ ಇತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಲ್ಲಿನ ಸರಕಾರ ಲಕ್ಷಕ್ಕೂ ಹೆಚ್ಚು ಟ್ರೈಲರ್ ಮತ್ತು ಮೊಬೈಲ್ ಮನೆಗಳನ್ನು ಕೊಂಡಿತು. ಅವುಗಳಲ್ಲಿ ಮಲಗಿದವರಿಗೆ ಕಣ್ಣುರಿ, ಕೆಮ್ಮು. ಹಲಗೆಗಳ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಹೆಚ್ಚಾಗಿದೆ ಎಂದು ಸರಕಾರದ ಆರೋಗ್ಯ ಇಲಾಖೆಯೇ 2008ರಲ್ಲಿ ಹೇಳಿತು. ಆಮೇಲೆ ಆ ಗಾಡಿಗಳು ‘ವಾಸಕ್ಕಲ್ಲ’ ಎಂಬ ಚೀಟಿಯೊಡನೆ ಹರಾಜಾದವು. ಚೀಟಿ ಕೀಳುವುದು ಎಷ್ಟು ಹೊತ್ತಿನ ಕೆಲಸ? ಬಡವರಿಗೆ ಕೊಟ್ಟ ಮನೆಯೇ ಅವರ ಉಸಿರು ಕೆಡಿಸಿದ ಕಥೆಯನ್ನು ಇವರು ತಮ್ಮ ಕೆಲಸದ ದೆಸೆಯಿಂದ ಚೆನ್ನಾಗಿ ಬಲ್ಲರು. ಹಾಗಾಗಿ ಅಜ್ಜನ ಕಾಗದಪತ್ರಗಳಲ್ಲಿ ಹಿಂದಿನ ಮಾಲೀಕರು ಯಾರೆಂದು ಎರಡೆರಡು ಸಲ ನೋಡಿದರು. ಮೊದಲಿನಿಂದಲೂ ಅಜ್ಜನೊಬ್ಬರೇ ಮಾಲೀಕರು.

7,500 ಡಾಲರ್ ಕೇಳಿದ್ದರು, 6,800ಕ್ಕೆ ಕುದುರಿತು. ಚೌಕಾಸಿಯಲ್ಲಿ ನಮಗೆ ಸಿಕ್ಕ ಆಯುಧ ಟೈರು. ಮೇಲ್ನೋಟಕ್ಕೆ ಹೊಸದರಂತಿದ್ದವು. ಆದರೆ ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1911 ಎಂದಿತ್ತು, 2011ರ ಹತ್ತೊಂಬತ್ತನೆಯ ವಾರ. ಟ್ರೈಲರ್ ಟೈರುಗಳು ಓಡಿ ಸವೆಯುವುದಕ್ಕಿಂತ ನಿಂತಲ್ಲೇ ಬಿಸಿಲಿಗೆ ಸಾಯುವುದೇ ಹೆಚ್ಚು. ನಾಲ್ಕನ್ನೂ ಬದಲಿಸಿದೆವು.

ಎಳೆಯುವುದು ಎಂದರೆ ಏನೆಂದು ನಮಗೆ ಗೊತ್ತಾದದ್ದು ಆ ಜುಲೈನಲ್ಲಿ. ಅದಕ್ಕೆ ಮುಂಚೆ ಒಮ್ಮೆ ಮಿಷಿಗನ್ ಸರೋವರದ ದಂಡೆಯ ಇಂಡಿಯಾನಾ ಡ್ಯೂನ್ಸ್‌ಗೆ ಹೋಗಿ ಬಂದಿದ್ದೆವು, ಏನೂ ಆಗಿರಲಿಲ್ಲ. ಆ ಧೈರ್ಯದಲ್ಲಿ ಮಿಷಿಗನ್‌ನ ತುದಿಯ ಮ್ಯಾಕಿನಾ ಸೇತುವೆ ನೋಡಲು ಹೊರಟೆವು. ಅಕ್ಕಿ ಚೀಲ, ಕುಕ್ಕರು, ನೀರಿನ ಕ್ಯಾನುಗಳು, ಹಾಸಿಗೆ ಹೊದಿಕೆ ಎಲ್ಲವನ್ನೂ ಹಿಂದಿನ ಕಪಾಟಿಗೆ ತುಂಬಿದವರು ನಾವೇ. ಜಾಗ ಅಲ್ಲಿತ್ತು, ತುಂಬಿದೆವು. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿದ್ದೇ ತಡ, ಹಿಂದಿನ ಡಬ್ಬ ಬಾಲ ಅಲ್ಲಾಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು. ಪಿಕಪ್ಪಿನ ಹಿಂಭಾಗವನ್ನೇ ಎಳೆದಾಡಿತು. ಇವರು ಬ್ರೇಕ್ ಒತ್ತಿದರು, ಅದು ಇನ್ನೂ ಹೆಚ್ಚಾಯಿತು. ಮಗಳು ಹಿಂದಿನ ಸೀಟಿನಲ್ಲಿ ಕಿರುಚಿದಳು. ನಾವು ಕಲಿಮಾ ಹೇಳಿಕೊಂಡೆವು, ಅತಿಶಯೋಕ್ತಿಯಲ್ಲ. ಆಮೇಲೆ ಇವರಿಗೆ ಅಜ್ಜ ಹೇಳಿದ್ದು ನೆನಪಾಗಿ, ಕಾಲನ್ನು ಬ್ರೇಕಿನಿಂದ ತೆಗೆದು, ಸ್ಟೇರಿಂಗ್ ನೇರ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗಿರುವ ಸಣ್ಣ ಹಿಡಿಯಿಂದ ಟ್ರೈಲರಿನ ಬ್ರೇಕನ್ನು ಮಾತ್ರ ಒತ್ತಿದರು. ಹಿಂದಿನದು ಹಿಂದಕ್ಕೆ ಎಳೆದುಕೊಂಡು ನೇರವಾಯಿತು. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು.

ಮುಂದಿನ ಲಾರಿ ನಿಲ್ದಾಣದ ತೂಕದ ಕಟ್ಟೆಯಲ್ಲಿ ಗಾಡಿ ತೂಗಿಸಿದೆವು. ಟ್ರೈಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಅದರ ಮುಂಚಾಚಿನ ಮೂಲಕ ಪಿಕಪ್ಪಿನ ಮೇಲೆ ಕೂತಿರಬೇಕು. ನಮ್ಮದು ಶೇ. 7ರಷ್ಟೂ ಇರಲಿಲ್ಲ. ಇಂಗ್ಲಿಷಿನವರು ಆ ಮುಂಚಾಚನ್ನು ನಾಲಿಗೆ ಎನ್ನುತ್ತಾರೆ. ನಮಗೆ ಆ ಕ್ಷಣ ನೆನಪಾದದ್ದು ಶಿಕಾರಿಪುರದ ಕಡೆಯ ಹಳ್ಳಿಯಲ್ಲಿ ಭತ್ತ ಹೇರುತ್ತಿದ್ದ ನಮ್ಮ ದಾದಾನ ಎತ್ತಿನ ಗಾಡಿಯ ಮೂಕಿ. ಮಕ್ಕಳು ಗಾಡಿಯ ಹಿಂದೆ ಜೋತುಬಿದ್ದರೆ ದಾದಾ ಬಾರುಕೋಲು ತೋರಿಸಿ ಗದರುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ. ಮೂಕಿ ಹೆಗಲ ಮೇಲೆ ಹಗುರವಾಗಿ ಒತ್ತಿಕೊಂಡಿರಬೇಕು, ತೀರಾ ಒತ್ತಿದರೆ ಎತ್ತಿಗೆ ಗಾಯ. ಇದನ್ನು ತಿಳಿಯಲು ಲಾರಿ ನಿಲ್ದಾಣದಲ್ಲಿ ದುಡ್ಡು ಕೊಟ್ಟು ತೂಗಿಸಬೇಕಾಯಿತಲ್ಲ ಎಂದು ನಮಗೆ ನಾಚಿಕೆಯಾಯಿತು. ಅಕ್ಕಿ ಚೀಲವೂ ನೀರಿನ ಕ್ಯಾನುಗಳೂ ಮುಂದಿನ ಮಂಚದ ಅಡಿಗೆ ಹೋದವು. ಮತ್ತೆ ತೂಗಿಸಿದೆವು, ಶೇ. 12. ಊರಿಗೆ ಮರಳಿದ ಮೇಲೆ ಭಾರ ಹಂಚುವ ಕಂಬಿಗಳನ್ನೂ ಹಾಕಿಸಿದೆವು.

1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ ಐದು ಮೈಲಿ ಉದ್ದ. ಗಾಳಿ ಜೋರಾದ ದಿನ ಎತ್ತರದ ಗಾಡಿಗಳನ್ನು, ಟ್ರೈಲರುಗಳನ್ನು ಸಿಬ್ಬಂದಿಯೇ ಜೊತೆಗೆ ಬಂದು ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ದಾಟಿಸುತ್ತಾರಂತೆ. ನಮ್ಮ ದಿನ ಗಾಳಿಯಿರಲಿಲ್ಲ. ನಾವು ಆದರೂ ಇಪ್ಪತ್ತರಲ್ಲೇ ಹೋದೆವು, ಹಿಂದಿನವರು ಏನಂದುಕೊಂಡರೋ.

ಅಲ್ಲಿನ ಕ್ಯಾಂಪಿನಲ್ಲಿ ಪಕ್ಕದ ಟ್ರೈಲರಿನ ವೃದ್ಧೆಯೊಬ್ಬರು ನಮ್ಮ ಚಹಾ ಕುಡಿಯಲು ಬಂದವರು, ಕೂರುವ ಮೊದಲು ಬಾಗಿಲ ಬಳಿ ನೆಲಮಟ್ಟದಲ್ಲಿದ್ದ ಸಣ್ಣ ಪೆಟ್ಟಿಗೆಯ ಗುಂಡಿ ಒತ್ತಿದರು. ಅದು ಉಸಿರೆತ್ತಲಿಲ್ಲ. ಗ್ಯಾಸ್ ಸೋರಿದರೆ, ಇಂಗಾಲದ ಮೋನಾಕ್ಸೈಡ್ ತುಂಬಿದರೆ ಕೂಗಬೇಕಾದ ಯಂತ್ರ ಅದು. ಅದರ ಆಯುಸ್ಸು ಏಳು ವರ್ಷವೆಂದು ಅದರ ಬೆನ್ನ ಮೇಲೇ ಬರೆದಿತ್ತು, ನಮ್ಮದಕ್ಕೆ ಹನ್ನೆರಡು. "ನಾಳೆಯೇ ಬದಲಿಸಿ" ಎಂದು ಚಹಾ ಮುಗಿಯುವುದರೊಳಗೆ ಮೂರು ಸಲ ಹೇಳಿದರು. ಎಪ್ಪತ್ತೈದು ಡಾಲರ್. ಇಷ್ಟು ಸಣ್ಣ ಡಬ್ಬಿಗೆ ಇಷ್ಟು ದುಡ್ಡೇ ಎಂದು ಗೊಣಗಿದವರು ನಾವು, ಹಾಕಿಸಿದವರು ಇವರು.

ನೋಡಿಕೊಳ್ಳುವ ಕೆಲಸದ ಬಗ್ಗೆ ಹೇಳುತ್ತಾ ಹೋದರೆ ಮುಗಿಯದು. ವರ್ಷಕ್ಕೊಮ್ಮೆ ಚಕ್ರದ ಬೇರಿಂಗ್ ಬಿಚ್ಚಿ ಗ್ರೀಸ್ ತುಂಬಬೇಕು. ದಾದಾ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದಂತೆಯೇ. ವರ್ಷಕ್ಕೆರಡು ಸಲ ಏಣಿ ಹತ್ತಿ ಛಾವಣಿಯ ಅಂಟು ನೋಡಬೇಕು. ಚಳಿಗಾಲಕ್ಕೆ ಮೊದಲು ಕೊಳವೆಗಳ ನೀರು ಪೂರ್ತಿ ಬಸಿದು ಗುಲಾಬಿ ಬಣ್ಣದ ಹೆಪ್ಪುಗಟ್ಟದ ದ್ರವ ಓಡಿಸಬೇಕು, ಇಲ್ಲವಾದರೆ ನೀರು ಮಂಜಾಗಿ ಕೊಳವೆ ಒಡೆಯುತ್ತದೆ. ಇನ್ನು ಶೌಚದ ಟ್ಯಾಂಕು. ಅದನ್ನು ಬರೆಯದೆ ಬಿಟ್ಟರೆ ಸುಳ್ಳು ಬರೆದಂತೆ. ಗಾಡಿಯಡಿಯಲ್ಲಿ ಎರಡು ಕೊಳೆನೀರಿನ ಟ್ಯಾಂಕುಗಳು, ಒಂದು ಶೌಚದ್ದು, ಇನ್ನೊಂದು ಪಾತ್ರೆ ಸ್ನಾನದ್ದು. ಖಾಲಿ ಮಾಡುವ ಕಟ್ಟೆಯಲ್ಲಿ ಮೊದಲು ಶೌಚದ್ದನ್ನು ಬಿಟ್ಟು ಆಮೇಲೆ ಇನ್ನೊಂದನ್ನು ಬಿಡಬೇಕು, ಆ ನೀರು ಪೈಪನ್ನು ತೊಳೆಯುತ್ತದೆ. ಕೈಗವಸು ಹಾಕಿಕೊಂಡು ಈ ಕೆಲಸ ಮಾಡುತ್ತಾ ನಿಂತಿರುವಾಗ ಪಕ್ಕದಲ್ಲಿ ಡಾಕ್ಟರೋ ವಕೀಲರೋ ಅದೇ ಕೆಲಸ ಮಾಡುತ್ತಿರುತ್ತಾರೆ, ನಗುತ್ತಾ ಹವಾಮಾನ ಮಾತಾಡುತ್ತಾರೆ. ನಮ್ಮೂರಿನಲ್ಲಿ ಈ ಕೆಲಸವನ್ನು ಯಾರ ತಲೆಯ ಮೇಲೆ ಹೊರಿಸಿದ್ದೆವು ಎಂಬುದು ಅಲ್ಲಿ ನಿಂತಾಗಲೆಲ್ಲ ನೆನಪಾಗುತ್ತದೆ.

ಅತ್ತೆಯವರು ಶಿವಮೊಗ್ಗದಿಂದ ಬಂದದ್ದು ಆ ಡಿಸೆಂಬರಿನಲ್ಲಿ. ಬಂದ ಮರುದಿನವೇ ಟ್ರೈಲರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದರು, "ಇತ್ತಾ ಬಡಾ ಘರ್ ಛೋಡ್ ಕೋ ಡಬ್ಬೇ ಮೇಂ ಕೈಕು ಸೋತೇ?" ಇಷ್ಟು ದೊಡ್ಡ ಮನೆ ಬಿಟ್ಟು ಡಬ್ಬದಲ್ಲಿ ಯಾಕೆ ಮಲಗುತ್ತೀರಿ ಎಂದು. ಅವರಿಗೆ ಹಳೆಯ ಉಬ್ಬಸ. ಮಾರ್ಚ್ ಕೊನೆಗೆ ಮರಳುವ ಟಿಕೇಟು ಇತ್ತು. 2020ರ ಮಾರ್ಚ್ 22ರಂದು ಭಾರತ ವಿಮಾನಗಳನ್ನು ನಿಲ್ಲಿಸಿತು.

ಇವರ ಆಸ್ಪತ್ರೆಯಲ್ಲಿ ಕೊರೋನಾ ರೋಗಿಗಳು ತುಂಬತೊಡಗಿದ್ದರು. ರೋಗಿಯ ಗಂಟಲಿಗೆ ಕೊಳವೆ ಇಳಿಸುವಾಗ ತಲೆಯ ಬಳಿ ನಿಲ್ಲುವವರು ಉಸಿರಾಟದ ಚಿಕಿತ್ಸಕರು. ಒಂದೇ ಮಾಸ್ಕ್ ಅನ್ನು ಕಾಗದದ ಚೀಲದಲ್ಲಿಟ್ಟು ದಿನಗಟ್ಟಲೆ ಬಳಸುತ್ತಿದ್ದ ದಿನಗಳು. ಒಂದು ಸಂಜೆ ಇವರು ಪಾಳಿ ಮುಗಿಸಿ ಬಂದವರು ಮನೆಯ ಬಾಗಿಲಿಗೆ ಬರಲೇ ಇಲ್ಲ. ಫೋನಿನಲ್ಲಿ ಹೇಳಿದರು, "ಡಬ್ಬದ ಕೀ ಕಿಟಕಿಯಿಂದ ಎಸೆ. ಅಮ್ಮಿಗೆ ನೀನೇ ಹೇಳು."

ಅಮೆರಿಕದಲ್ಲಿ ಆ ವಸಂತದಲ್ಲಿ ಹೀಗೆ ಮಲಗಿದ ವೈದ್ಯರು, ನರ್ಸುಗಳು ಬಹಳ. ತಮ್ಮ ಟ್ರೈಲರುಗಳನ್ನು ಅಪರಿಚಿತರಿಗೆ ಬಿಟ್ಟುಕೊಟ್ಟವರೂ ಇದ್ದರು. ನಮ್ಮ ಮಗನಿಗೆ ಅದೇ ವಾರ ಮನೆಯಿಂದಲೇ ಶಾಲೆಯ ಪಾಠ, ಚಂದ್ರಯಾನದ ಬಗ್ಗೆ. 1969ರಲ್ಲಿ ಅಪೋಲೋ 11ರ ಮೂವರು ಚಂದ್ರನಿಂದ ಮರಳಿದಾಗ ಅಲ್ಲಿನ ರೋಗಾಣು ತಂದಿದ್ದಾರೇನೋ ಎಂಬ ಭಯಕ್ಕೆ ಅವರನ್ನು ಹಡಗಿನ ಮೇಲೆ ಇಟ್ಟದ್ದೂ ಒಂದು ಟ್ರೈಲರಿನೊಳಗೇ. ಏರ್‌ಸ್ಟ್ರೀಮ್ ಕಂಪೆನಿಯ ಗಾಡಿಯನ್ನು ಅದಕ್ಕಾಗಿ ಮಾರ್ಪಡಿಸಿದ್ದರು. ಅಧ್ಯಕ್ಷ ನಿಕ್ಸನ್ ಕಿಟಕಿಯಾಚೆ ನಿಂತು ಮಾತಾಡಿಸಿದ ಚಿತ್ರ ಪುಸ್ತಕದಲ್ಲಿತ್ತು. ಮಗ ಅದನ್ನು ನೋಡಿ, ಅಂದಿನಿಂದ ಪ್ರತಿ ಸಂಜೆ ಟೈ ಕಟ್ಟಿಕೊಂಡು ಹೋಗಿ ಡಬ್ಬದ ಕಿಟಕಿಯ ಮುಂದೆ ನಿಂತು ಅಬ್ಬಾನನ್ನು ಭೂಮಿಗೆ ಸ್ವಾಗತಿಸುತ್ತಿದ್ದ. ಅತ್ತೆಯವರು ಮನೆಯ ಕಿಟಕಿಯಿಂದ ನೋಡುತ್ತಿದ್ದರು. ಅವರು ಹೊರಗೆ ಬಂದರೂ ಡಬ್ಬದ ಹತ್ತಿರ ಹೋಗಬಾರದೆಂದು ಇವರು ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಸಿದ್ದರು.

ಏಪ್ರಿಲ್ ಕೊನೆಯಲ್ಲಿ ರಮ್ಜಾನ್ ಬಂತು. ಡಬ್ಬದ ಮೇಜು ಮಡಚಿದರೆ ಒಬ್ಬರಿಗೆ ನಮಾಜಿನ ಜಾಗ, ಅಲ್ಲೇ ತರಾವೀಹ್. ಇಫ್ತಾರಿನ ಟಿಫಿನ್ ಮೆಟ್ಟಿಲ ಮೇಲಿಟ್ಟು ನಾವು ಹಿಂದೆ ಸರಿಯಬೇಕು, ಆಮೇಲೆ ಬಾಗಿಲು ತೆರೆಯುತ್ತದೆ. ಅತ್ತೆಯವರಿಗೆ ರೋಜಾ ಬೇಡವೆಂದು ಮಗನ ಆಜ್ಞೆ. ಆದರೂ ಸಹರಿಗೆ ರೊಟ್ಟಿ ತಟ್ಟಲು ಅವರೇ ಮೊದಲು ಏಳುತ್ತಿದ್ದರು.

ಆ ರಾತ್ರಿ ಚಳಿ ಸೊನ್ನೆಗೆ ಇಳಿದಿತ್ತು. ಮನೆಯಿಂದ ಎಳೆದ ವೈರು ಡಬ್ಬದ ವಿದ್ಯುತ್ ಹೀಟರನ್ನು ತಡೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಗ್ಯಾಸಿನ ಫರ್ನೇಸ್ ಹಾಕಿಕೊಂಡು ಮಲಗಿದ್ದರು. ಬೆಳಗಿನ ನಾಲ್ಕರ ಹೊತ್ತಿಗೆ ನಾವು ಎದ್ದು ಕೆಳಗಿಳಿದರೆ ಅಡುಗೆಮನೆಯಲ್ಲಿ ಯಾರಿಲ್ಲ, ತವಾ ಮೇಲೆ ರೊಟ್ಟಿ ಸೀಯುತ್ತಿದೆ, ಹೊರಬಾಗಿಲು ತೆರೆದಿದೆ. ಹೊರಗಿನಿಂದ ಒಂದೇ ಸಮನೆ ಕೀಚಲು ಶಬ್ದ. ಅತ್ತೆಯವರು ಬರಿಗಾಲಿನಲ್ಲಿ ಸುಣ್ಣದ ಗೆರೆ ದಾಟಿ, ಡಬ್ಬದ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಾರೆ. ನಾವು ಇನ್ನೊಂದು ಕೀ ತಂದೆವು. ಬಾಗಿಲು ತೆರೆದದ್ದೇ ಅವರು ನಮ್ಮನ್ನು ತಳ್ಳಿ ಒಳಗೆ ಹೋದರು. "ಉಠ್ ಬೇಟಾ, ಬಾಹರ್ ಆ" ಎನ್ನುತ್ತಾ ಮಗನ ತೋಳು ಹಿಡಿದು ಎಳೆದರು. ಇವರು ಕುಡಿದವರ ಹಾಗೆ ತೂರಾಡುತ್ತಾ ಹೊರಬಂದು ಹುಲ್ಲಿನ ಮೇಲೆ ಕೂತರು, ವಾಂತಿ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಪ್ರಜ್ಞೆ ಸರಿಯಾಗಿ ಅವರು ಹೇಳಿದ ಮೊದಲ ಮಾತು, "ಅಮ್ಮಿ, ದೂರ ಹೋಗಿ."

ಅಮ್ಮಿ ಹೋಗಲಿಲ್ಲ. ತಮ್ಮ ಶಾಲು ತೆಗೆದು ಮಗನ ತಲೆಗೆ ಸುತ್ತುತ್ತಿದ್ದರು.

ಅಗ್ನಿಶಾಮಕದವರು ಬಂದು ಮೀಟರು ಹಿಡಿದು, ಒಳಗಿದ್ದದ್ದು ಮೋನಾಕ್ಸೈಡ್ ಎಂದು ಖಚಿತಪಡಿಸಿದರು. ಬೆಳಕಾದ ಮೇಲೆ ಫರ್ನೇಸಿನ ಹೊಗೆ ಹೊರಹೋಗುವ ತೂತಿಗೆ ಟಾರ್ಚ್ ಬಿಟ್ಟು ನೋಡಿದರೆ ಅಲ್ಲೊಂದು ಮಣ್ಣಿನ ಗೂಡು. ಹಿಂದಿನ ಬೇಸಿಗೆಯಲ್ಲಿ ಕಣಜವೊಂದು ಅಚ್ಚುಕಟ್ಟಾಗಿ ಕಟ್ಟಿಟ್ಟು ಹೋದದ್ದು. ಗ್ಯಾಸಿಗೆ ಬೆರೆಸುವ ವಾಸನೆಗೆ ಈ ಕಣಜಗಳು ಬರುತ್ತವೆಂದು ಟ್ರೈಲರಿನವರೆಲ್ಲ ಹೇಳುತ್ತಾರೆ. ಛಾವಣಿ ನೋಡಿದ್ದೆವು, ಟೈರು ನೋಡಿದ್ದೆವು, ಬೇರಿಂಗ್ ನೋಡಿದ್ದೆವು. ಹೆಬ್ಬೆರಳು ತೂರುವಷ್ಟು ತೂತನ್ನು ನೋಡಿರಲಿಲ್ಲ.

ಆಮೇಲಿನ ಹದಿನಾಲ್ಕು ದಿನಗಳನ್ನು ಹೇಗೆ ಬರೆಯಬೇಕೋ ತಿಳಿಯುವುದಿಲ್ಲ. ಅತ್ತೆಯವರು ಒಂದು ಸಲ ಕೆಮ್ಮಿದರೆ ನಮ್ಮ ಕೈಯ ಕೆಲಸ ನಿಲ್ಲುತ್ತಿತ್ತು. ಅವರಿಗೆ ಉಬ್ಬಸದ ಕೆಮ್ಮು ಹೇಗೂ ಇತ್ತಲ್ಲ. ಇವರು ಡಬ್ಬದಿಂದ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಬೆರಳಿಗೆ ಸಿಕ್ಕಿಸುವ ಯಂತ್ರದ ಅಂಕಿ ಕೇಳುತ್ತಿದ್ದರು. 96, 95, ಮತ್ತೆ 96. ಆ ರಾತ್ರಿ ಯಾಕೆ ಒಳಗೆ ಹೋದಿರಿ, ನಾವಿದ್ದೆವಲ್ಲ ಎಂದು ಒಮ್ಮೆ ಕೇಳಿದೆವು. ರೊಟ್ಟಿ ಹಿಟ್ಟು ನಾದುತ್ತಿದ್ದವರು ತಲೆಯೆತ್ತಿ ನೋಡಿದರು, ಉತ್ತರ ಕೊಡಲಿಲ್ಲ. ಹದಿನೈದನೆಯ ದಿನವೂ 96 ಇತ್ತು. ಈದ್ ದಿನ ಇವರು ಮೆಟ್ಟಿಲ ಮೇಲೆ ಕೂತು, ನಾವು ಗೆರೆಯ ಈಚೆ ಕುರ್ಚಿ ಹಾಕಿಕೊಂಡು ಶೀರ್‌ಖುರ್ಮಾ ಕುಡಿದೆವು. ನೆಂಟರು ಕೇಳುವ ಫೋಟೋ ಆ ದಿನದ್ದು.

ಜುಲೈನಲ್ಲಿ ಅತ್ತೆಯವರು ವಂದೇ ಭಾರತ್ ವಿಮಾನದಲ್ಲಿ ಊರಿಗೆ ಹೊರಟರು. ಬೆಂಗಳೂರಿನ ಹೋಟೆಲಿನಲ್ಲಿ ಕ್ವಾರಂಟೈನ್. ಅಲ್ಲಿಂದ ಫೋನ್ ಮಾಡಿ, ಕೋಣೆ ನಿಮ್ಮ ಡಬ್ಬಕ್ಕಿಂತ ದೊಡ್ಡದಿದೆ, ಆದರೆ ಕಿಟಕಿಯಲ್ಲಿ ಬಂದು ಸಲಾಂ ಹೇಳುವವರಿಲ್ಲ ಎಂದರು.

ಡಬ್ಬ ಇನ್ನೂ ನಮ್ಮಲ್ಲೇ ಇದೆ. ಅಂಗಡಿಗಳಲ್ಲಿ ಆ ತೂತಿಗೆ ಹಾಕುವ ತಂತಿಯ ಜಾಲಿ ಸಿಗುತ್ತದೆ. ಫರ್ನೇಸ್ ತಯಾರಕರು ಜಾಲಿ ಹಾಕಬೇಡಿ, ಗಾಳಿಗೆ ಅಡ್ಡಿ ಎನ್ನುತ್ತಾರೆ. ನಾವು ಗಾಡಿ ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಮಾತ್ರ ಹಾಕಿ, ಉರಿ ಹಚ್ಚುವ ಮೊದಲು ತೆಗೆದು ಟಾರ್ಚ್ ಬಿಟ್ಟು ನೋಡುತ್ತೇವೆ. ಈಗಲೂ ಚಳಿ ಶುರುವಾಗುವ ಹೊತ್ತಿಗೆ ಶಿವಮೊಗ್ಗದಿಂದ ಫೋನ್ ಬರುತ್ತದೆ. ಮಕ್ಕಳ ಓದು, ನಮ್ಮ ಆರೋಗ್ಯ ಎಲ್ಲ ವಿಚಾರಿಸಿದ ಮೇಲೆ, ಇಡುವ ಮುನ್ನ ಅಮ್ಮಿ ಕೇಳುತ್ತಾರೆ, "ವೋ ಮಿಟ್ಟಿ ಕಾ ಘರ್ ದೇಖೇ ಕ್ಯಾ?"

ನೋಡಿದೆವು ಅಮ್ಮಿ, ಎನ್ನುತ್ತೇವೆ. ನೋಡಿರದಿದ್ದರೆ ಫೋನ್ ಹಿಡಿದುಕೊಂಡೇ ಟಾರ್ಚ್ ಹುಡುಕುತ್ತೇವೆ.